ಕಿವಿಯ ಕದ

“ಪರವಾಗಿಲ್ಲ, ನಾನು ಕಾಯ್ತೀನಿ” ಎಂದು ಬ್ಯಾಂಕಿನ ಗುಮಾಸ್ತರು ಬೆಂಚಿನ ಮೇಲೆ ಇನ್ನಷ್ಟು ಆಚೆ ಸರಿದು ಕೂತರು. ಕ್ಷೌರದ ಅಂಗಡಿಯಲ್ಲಿದ್ದದ್ದು ಎರಡೇ ಕುರ್ಚಿ, ಒಂದು ತಮ್ಮನದು, ಒಂದು ಅವನದು. ತಮ್ಮನ ಕುರ್ಚಿಯಲ್ಲಿ ಒಂದು ತಲೆ ಬಗ್ಗಿತ್ತು, ಬೆಂಚಿನ ಮೇಲೆ ಇನ್ನೂ ಮೂರು ತಲೆ ಕಾಯುತ್ತಿದ್ದವು. ಅವನು ತನ್ನ ಖಾಲಿ ಕುರ್ಚಿಯ ಬೆನ್ನಿಗೆ ಹಾಕಿದ್ದ ಬಿಳಿ ಬಟ್ಟೆಯನ್ನು ತೆಗೆದು ಒಮ್ಮೆ ಕೊಡವಿದ. ಕೊಡವುವುದಕ್ಕೆ ಅದರಲ್ಲಿ ಒಂದು ಕೂದಲೂ ಇರಲಿಲ್ಲ. ಬೆಳಗ್ಗೆ ಮಡಿಕೆ ಬಿಚ್ಚಿ ಹಾಕಿದ್ದು ಹಾಗೇ ಇತ್ತು. ಮೊದಲೂ ಜನ ಹೀಗೇ ಕಾಯುತ್ತಿದ್ದರು, ಆದರೆ ಅವನ ಕುರ್ಚಿಗೆ. ಆಗ ಅವನು ಎಲ್ಲರಿಗೂ ಕೇಳುವ ಹಾಗೆ “ಅಲ್ಲಿ ಕೂತ್ಕೊಳ್ಳಿ ಸಾರ್, ಅವನೂ ನನ್ನ ಕೈಯಲ್ಲೇ ಕಲಿತೋನು” ಎನ್ನುತ್ತಿದ್ದ. ಅವರು ಕೂರುವುದಿಲ್ಲವೆಂದು ಅವನಿಗೆ ಗೊತ್ತಿರುತ್ತಿತ್ತು, ಗೊತ್ತಿದ್ದೇ ಹೇಳುತ್ತಿದ್ದ, ಹೇಳಿ ಒಳಗೊಳಗೇ ಹಿಗ್ಗುತ್ತಿದ್ದ. ಆಗ ತಮ್ಮ ಕನ್ನಡಿ ಒರೆಸುತ್ತ, ಒರೆಸಿದ್ದನ್ನೇ ಮತ್ತೆ ಒರೆಸುತ್ತ ನಿಂತಿರುತ್ತಿದ್ದ. ಈಗ ತಮ್ಮ ಕತ್ತರಿ ನಿಲ್ಲಿಸದೆ “ಅಣ್ಣ ಫ್ರೀ ಇದ್ದಾನೆ ನೋಡಿ” ಎಂದ. ಅದನ್ನು ಹೇಳದಿದ್ದರೇ ಚೆನ್ನಾಗಿತ್ತು. ತಮ್ಮನ ದನಿಯಲ್ಲಿ ಹಿಗ್ಗಿರಲಿಲ್ಲ, ನಿಜವಾದ ಮರುಕವಿತ್ತು, ಅದೇ ಅವನಿಗೆ ಹೆಚ್ಚು ಚುಚ್ಚಿತು. ಗುಮಾಸ್ತರು ಹಳೇ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, ನಿನ್ನೆಯೂ ಮೊನ್ನೆಯೂ ಓದಿದ್ದ ಸುದ್ದಿಯಲ್ಲಿ ಮುಳುಗಿಹೋದರು.

“ನನಗೂ ಈಗ ಡಬ್ಬಿ ಹಾಕ್ಕೊಳ್ಳೋ ಹೊತ್ತು” ಎಂದು ಯಾರೂ ಕೇಳದಿದ್ದರೂ ಹೇಳಿ ಅವನು ಪರದೆಯ ಹಿಂದಕ್ಕೆ ಹೋದ. ಅಲ್ಲೊಂದು ಸ್ಟೂಲು, ಒಗೆಯುವ ಬಟ್ಟೆಗಳ ಬುಟ್ಟಿ, ಬಿಸಿನೀರಿನ ಪಾತ್ರೆ. ಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಬ್ಬಿ ತೆಗೆದ. ಅದರಿಂದ ಹೊರಟ ತೆಳ್ಳನೆಯ ವಯರಿನ ತುದಿಗೆ ಒಂದು ಕ್ಲಿಪ್ಪು. ಅದನ್ನು ಎಡಗಿವಿಗೆ ಕಚ್ಚಿಸಿ ಗುಂಡಿ ಒತ್ತಿದರೆ ಇರುವೆ ಹರಿದ ಹಾಗೆ ಚುಮುಚುಮು ಎನ್ನುತ್ತದೆ. ದಿನಕ್ಕೊಂದು ಗಂಟೆ. ಹಾರ್ಟ್ ಅಟ್ಯಾಕ್ ಆಗಿ ಮನೆಗೆ ಬಂದ ಮೇಲೆ ಆಸ್ಪತ್ರೆಯವರು ಕರೆದು ಕೊಟ್ಟದ್ದು. ಪರದೆಯ ಸಂದಿನಿಂದ ನೋಡಿದ. ಯಾರ ಕಣ್ಣೂ ಇತ್ತ ಇರಲಿಲ್ಲ. ಕ್ಲಿಪ್ಪನ್ನು ಆಸ್ಪತ್ರೆಯವರು ತೋರಿಸಿದ್ದ, ಕಿವಿಯ ಕೆಳತುದಿಯ ಹಾಲೆಗೆ ಹಾಕದೆ, ಕಿವಿಯ ತೂತಿನ ಮುಂದೆ ಇರುವ ಆ ಪುಟ್ಟ ತುಣುಕಿಗೆ ಹಾಕಿಕೊಂಡ. ಆ ತುಣುಕಿಗೆ ಹೆಸರಿಲ್ಲ, ಇದ್ದರೂ ಅವನು ಕೇಳಿರಲಿಲ್ಲ. ಅವನು ಅದನ್ನು ಕದ ಎನ್ನುತ್ತಿದ್ದ. ಗಡ್ಡ ಮಾಡುವಾಗ ನೊರೆ ಕಿವಿಯೊಳಗೆ ಹೋಗದ ಹಾಗೆ ಅದನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚುವುದು ಅವನ ಕೈಗೆ ಅಂಟಿದ ರೂಢಿ, ತಮ್ಮನಿಗೂ ಹಾಗೇ ಕಲಿಸಿದ್ದ. ಎಷ್ಟು ಜನರ ಕದ ಮುಚ್ಚಿದ್ದಾನೋ ಲೆಕ್ಕವಿಲ್ಲ. ಮುಚ್ಚಿದೊಡನೆ ಅವರ ಭುಜ ಕೆಳಗಿಳಿಯುತ್ತಿತ್ತು, ಬಾಯಿ ಸಡಿಲಾಗುತ್ತಿತ್ತು, ಮನೆಯಲ್ಲಿ ಜಗಳವಾಡಿ ಬಂದವರೂ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು.

ಡಾಕ್ಟರಮ್ಮ ಅವತ್ತು ತುಂಬ ನಿಧಾನವಾಗಿ ವಿವರಿಸಿದ್ದರು. ವಯಸ್ಸಿನಲ್ಲಿ ಅವನ ಮಗಳಷ್ಟಿದ್ದರೂ ಮಾತಿನಲ್ಲಿ ಅವನ ತಾಯಿಯ ಗತ್ತು. ಮಿದುಳಿನಿಂದ ಹೃದಯಕ್ಕೆ ಒಂದು ಉದ್ದನೆಯ ನರ ಇಳಿಯುತ್ತದೆ, ಅದರ ಒಂದು ಎಳೆ ಕಿವಿಯ ಚರ್ಮದ ಕೆಳಗೂ ಬಂದಿದೆ, ಅಲ್ಲಿ ಸಣ್ಣಗೆ ಕರೆಂಟು ಮುಟ್ಟಿಸಿದರೆ ಪೆಟ್ಟು ತಿಂದ ಹೃದಯಕ್ಕೆ ಮೆಲ್ಲಗೆ, ಮೆಲ್ಲಗೆ ಎಂದು ಹೇಳಿಕಳಿಸಿದ ಹಾಗೆ, ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. “ಆದರೆ ಇದು ನಿಜವಾಗಿ ಕೆಲಸ ಮಾಡುತ್ತಾ ಅಂತ ನಮಗಿನ್ನೂ ಗೊತ್ತಿಲ್ಲ. ಅದಕ್ಕೇ ಕೆಲವರಿಗೆ ನರ ಇರೋ ಕಡೆ ಹಾಕ್ತೀವಿ, ಕೆಲವರಿಗೆ ಬರೀ ಹೆಸರಿಗೆ ಇನ್ನೊಂದು ಕಡೆ. ಯಾರಿಗೆ ಎಲ್ಲಿ ಅಂತ ನಾನೂ ನೋಡಲ್ಲ, ನರ್ಸಿಗೆ ಮಾತ್ರ ಗೊತ್ತು. ಒಪ್ಪಿಗೆ ಇದ್ರೆ ಮಾತ್ರ ಬನ್ನಿ” ಎಂದಿದ್ದರು. ಅವನು ಒಪ್ಪಿಕೊಂಡಿದ್ದ. ನರ್ಸಿನ ಕೋಣೆಯಲ್ಲಿ ಎರಡು ಕುರ್ಚಿಗಳ ನಡುವೆ ಇರಬೇಕಾದ ಪರದೆ ಒಗೆಯಲು ಹೋಗಿತ್ತು. ಪಕ್ಕದ ಕುರ್ಚಿಯಲ್ಲಿ ದಪ್ಪ ಕತ್ತಿನ ಒಬ್ಬ ಬಸ್ ಡ್ರೈವರ್. ನರ್ಸು ಡ್ರೈವರಿನ ಕದಕ್ಕೆ ಕ್ಲಿಪ್ಪು ಹಾಕಿದಳು, ಅವನಿಗೆ ಹಾಲೆಗೆ ಹಾಕಿದಳು. ಅಷ್ಟು ಸಾಕಾಯಿತು. ಹಾಲೆ ಇರುವುದು ಮೇಷ್ಟ್ರುಗಳು ಹಿಂಡುವುದಕ್ಕೆ, ಹೆಂಗಸರು ಓಲೆ ಹಾಕಿಕೊಳ್ಳುವುದಕ್ಕೆ. ಹಾಲೆ ಹಿಡಿದರೆ ನಿದ್ದೆ ಹೋದವನನ್ನು ಅವನು ಕಂಡಿರಲಿಲ್ಲ. ಹಾಗಾದರೆ ತನಗೆ ಸಿಕ್ಕಿದ್ದು ಹೆಸರಿಗೆ ಮಾತ್ರ. ಆ ಕ್ಷಣ ಎದೆಯೊಳಗೆ ಎದ್ದದ್ದು ಬರೀ ಹೊಟ್ಟೆಕಿಚ್ಚು, ಬೇರೇನೂ ಅಲ್ಲ. ಮಾರನೆಯ ದಿನವೇ ಕ್ಲಿಪ್ಪನ್ನು ಒಂದು ಬೆರಳಿನಷ್ಟು ಮೇಲಕ್ಕೆ ಸರಿಸಿಕೊಂಡಿದ್ದ. ಒಂದು ಬೆರಳು! ಇದಕ್ಕೆ ಕಳ್ಳತನ ಅನ್ನುತ್ತಾರೆಯೇ? ನನ್ನ ಕಿವಿ, ನನ್ನ ಎದೆ, ಯಾರ ಗಂಟು ಹೋಗುತ್ತದೆ? ದಿನವೂ ಸ್ಟೂಲಿನ ಮೇಲೆ ಕೂತು ಇದನ್ನೇ ಹೇಳಿಕೊಳ್ಳುತ್ತಿದ್ದ, ಹೇಳಿಕೊಳ್ಳಬೇಕಾಗಿ ಬರುತ್ತಿತ್ತು.

ಪರದೆಯಾಚೆ ತಮ್ಮ ಯಾರದೋ ಕೆನ್ನೆಗೆ ನೊರೆ ಹಚ್ಚುತ್ತಿದ್ದ ಸದ್ದು. ಹಾರ್ಟ್ ಅಟ್ಯಾಕ್ ಆದ ದಿನವೂ ಇದೇ ಸದ್ದು, ಇದೇ ಹೊತ್ತು. ಅವನ ಕುರ್ಚಿಯಲ್ಲಿ ನಿವೃತ್ತ ಗಣಿತದ ಮೇಷ್ಟ್ರು ತಲೆಯೆತ್ತಿ, ಕಣ್ಣುಮುಚ್ಚಿ, ಕತ್ತನ್ನು ಅವನಿಗೆ ಒಪ್ಪಿಸಿ ಕೂತಿದ್ದರು. ಒಂದು ಕೆನ್ನೆ ಮುಗಿದಿತ್ತು. ಕತ್ತಿ ದವಡೆಯ ಕೆಳಗಿದ್ದಾಗ ಎದೆಯ ಮೇಲೆ ಯಾರೋ ಬಂದು ಕೂತ ಹಾಗಾಯಿತು. ಮೊದಲು ಕತ್ತಿ ಎತ್ತಬೇಕು, ಆಮೇಲೆ ಬೀಳಬೇಕು ಎಂದುಕೊಂಡದ್ದು ನೆನಪಿದೆ. ಎತ್ತಿದನೋ ಇಲ್ಲವೋ ನೆನಪಿಲ್ಲ. ನೆನಪಿರುವುದು ಬಿಳಿ ನೊರೆಯಲ್ಲಿ ಒಂದು ಕೆಂಪು ಗೆರೆ. ಮೇಷ್ಟ್ರು ಅರ್ಧ ಗಡ್ಡದಲ್ಲೇ, ಕತ್ತಿನ ಬಟ್ಟೆಯನ್ನೂ ಬಿಚ್ಚದೆ ಬೀದಿಗೆ ಓಡಿ ಟ್ಯಾಕ್ಸಿ ನಿಲ್ಲಿಸಿ ಅವನನ್ನು ಹಾಕಿಕೊಂಡು ಹೋದರಂತೆ. ತಮ್ಮ ಹೇಳಿದ್ದು. ಗಾಯ ದೊಡ್ಡದೇನಲ್ಲ, ಪಟಿಕದ ಕಲ್ಲು ಉಜ್ಜಿದರೆ ನಿಲ್ಲುವಂಥದ್ದಂತೆ. ಆದರೆ ಆಗ ಪಟಿಕ ಉಜ್ಜುವ ಹೊತ್ತು ಯಾರಿಗಿತ್ತು? ಆಮೇಲೆ ಮೇಷ್ಟ್ರು ಅಂಗಡಿಗೆ ಬಂದಿಲ್ಲ. ಮೊನ್ನೆ ಬೀದಿಯ ಆ ಬದಿಯಲ್ಲಿ ಕಂಡರು, ಬೇರೆ ಯಾರೋ ಕೆಟ್ಟದಾಗಿ ಗಡ್ಡ ಮಾಡಿದ್ದರು, ಕಿವಿಯ ಕೆಳಗೆ ಒಂದು ಗೊಂಚಲು ಹಾಗೇ ಉಳಿದಿತ್ತು. ಜೀವ ಉಳಿಸಿದವರು, ಹೋಗಿ ಕೈಮುಗಿಯಬೇಕಿತ್ತು. ಅವನು ಔಷಧಿ ಅಂಗಡಿಯೊಳಗೆ ನುಗ್ಗಿ, ಬೇಕಿಲ್ಲದ ಕೆಮ್ಮಿನ ಮಾತ್ರೆ ಕೊಂಡುಕೊಂಡು, ಅವರು ದಾಟಿಹೋಗುವವರೆಗೆ ಅಲ್ಲೇ ನಿಂತಿದ್ದ.

ಮಧ್ಯಾಹ್ನ ಊಟಕ್ಕೆ ಹೋದಾಗ ಹೆಂಡತಿ ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟಿದ್ದಳು. ಇವತ್ತು ಆಸ್ಪತ್ರೆಯಲ್ಲಿ ಕೊನೆಯ ಪರೀಕ್ಷೆ, ಡಬ್ಬಿ ವಾಪಸು ಕೊಡುವ ದಿನ. “ಪಕ್ಕದ ಮನೆಯವರು ಕೇಳ್ತಿದ್ರು, ನಿಮ್ಮೆಜಮಾನ್ರು ಹೇಗಿದಾರೆ ಅಂತ. ಈಗ ಕರೆಂಟಿನ ಮೇಲೆ ಓಡ್ತಿದಾರೆ, ಬಿಲ್ಲು ಮಾತ್ರ ಇನ್ನೂ ಬಂದಿಲ್ಲ ಅಂದೆ” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ರೀ, ಅವರು ಹೇಳಿದ ಹಾಗೇ ಹಾಕ್ಕೊಂಡಿದೀರಿ ತಾನೆ ಇಷ್ಟು ದಿನ?” ಎಂದಳು. ಸುಮ್ಮನೆ ಕೇಳಿದ್ದು. ಅವನಿಗೆ ಮಾತ್ರ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಕೈ ತಾನಾಗಿ ಕಿವಿಗೆ ಹೋಯಿತು. “ಇನ್ನೇನು, ಮೂಗಿಗೆ ಹಾಕ್ಕೊತೀನಾ?” ಎಂದು ರೇಗಿದ. ಅವಳು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಆಸ್ಪತ್ರೆಯ ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತಿದ. ಮೊದಲ ಸಲ ಬಂದಾಗ ನಡುವೆ ಎರಡು ಕಡೆ ನಿಂತು, ಗೋಡೆಯ ಮೇಲಿನ ಸೂಚನೆಗಳನ್ನು ಓದುವವನ ಹಾಗೆ ನಟಿಸಿ ಉಸಿರು ಹಿಡಿದುಕೊಂಡಿದ್ದ. ಇವತ್ತು ಎಲ್ಲೂ ನಿಲ್ಲಲಿಲ್ಲ. ಎದೆ ಸಮನಾಗಿ ಬಡಿಯುತ್ತಿತ್ತು. ಸಂತೋಷವಾಯಿತು, ಬೆರಳಿನಷ್ಟು ಜಾಗದಲ್ಲಿ ಇಷ್ಟೆಲ್ಲ ಇತ್ತೇ ಅನ್ನಿಸಿತು. ಮೇಲೆ ಕಾಯುವ ಬೆಂಚಿನಲ್ಲಿ ಡ್ರೈವರ್ ಆಗಲೇ ಬಂದು ಕೂತಿದ್ದ. ಎರಡೂ ಕೈ ಮಂಡಿಯ ಮೇಲೆ ಊರಿ, ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದ. ಹಣೆ ಬೆವರಿತ್ತು, ನಾಲ್ಕು ದಿನದ ಗಡ್ಡ ಬೆಳೆದಿತ್ತು. ಅವನನ್ನು ಕಂಡು ಜಾಗ ಬಿಟ್ಟು ಸರಿದ.

“ಬನ್ನಿ ಸ್ವಾಮಿ, ಕೂತ್ಕೊಳ್ಳಿ. ನೀವು ಹತ್ತಿ ಬಂದ ಸದ್ದೇ ಕೇಳಲಿಲ್ಲ. ನನ್ನ ಗಾಡಿ ನೋಡಿ, ಅರ್ಧ ದಾರೀಲೇ ಇಂಜಿನ್ನು ಕಾದೋಯ್ತು.”

“ನಿಮಗೆ ಗುಣ ಕಾಣಲಿಲ್ವಾ?” ಎಂದು ಅವನು ಕೇಳಿದ. ಕೇಳುವಾಗ ತನ್ನ ದನಿಯಲ್ಲೇ ಒಂದು ಸಣ್ಣ ಗೆಲುವು ಕೇಳಿಸಿ ನಾಚಿಕೆಯಾಯಿತು.

“ಗುಣಾನೂ ಇಲ್ಲ, ಅವಗುಣಾನೂ ಇಲ್ಲ. ಇದ್ದಲ್ಲೇ ಇದೆ.” ಡ್ರೈವರ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು, ನಿಮಗೆ ಸಂಬಂಧಪಟ್ಟಿದ್ದೇ. ಆವತ್ತು ನರ್ಸು ನನಗೆ ಇಲ್ಲಿ ಹಾಕಿದ್ಲಲ್ಲ, ಕಿವಿ ತೂತಿನ ಹತ್ರ? ನಿಮಗೆ ಕೆಳಗಡೆ ಹಾಕಿದ್ಲು. ಎರಡರಲ್ಲಿ ಒಂದು ಡೂಪು ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ರು. ನಾನು ನಿಮ್ಮ ಮುಖ ನೋಡಿದೆ. ಕಲ್ಲಿನ ಹಾಗೆ ನಿರಾಳವಾಗಿ ಕೂತಿದ್ರಿ. ಏನು ಕೆಲಸ ಅಂತ ನರ್ಸು ಕೇಳಿದ್ದಕ್ಕೆ ಕಟಿಂಗ್ ಶಾಪು ಅಂದ್ರಿ. ಸರಿ, ದಿನಾ ನೂರು ಕಿವಿ ಹಿಡಿಯೋ ಮನುಷ್ಯ, ಇವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ, ಇವರು ತಕರಾರಿಲ್ಲದೆ ಕೆಳಗೆ ಹಾಕಿಸ್ಕೊಂಡು ಕೂತಿದಾರೆ ಅಂದ್ರೆ ಅದೇ ಅಸಲಿ ಜಾಗ ಅಂದ್ಕೊಂಡೆ. ಮನೆಗೆ ಹೋದವನೇ ನಾನೂ ಕೆಳಗೆ ಹಾಕ್ಕೊಂಡುಬಿಟ್ಟೆ.”

ನಿರಾಳವೇ? ಆ ಮುಖ ಅವನ ಕಸುಬಿನ ಮುಖ. ಗಿರಾಕಿ ಏನೇ ಹೇಳಿದರೂ, ಹೆಂಡತಿಯನ್ನು ಬೈದರೂ, ಯಾರೋ ಸತ್ತರೆಂದರೂ ಕನ್ನಡಿಯಲ್ಲಿ ಕಾಣುವಂತೆ ಇಟ್ಟುಕೊಳ್ಳಬೇಕಾದ ಮುಖ. ಅದರ ಹಿಂದೆ ಅವನು ಅವತ್ತು ಇದೇ ಮನುಷ್ಯನ ಕಿವಿಯನ್ನು ನೋಡಿ ಕರುಬುತ್ತಿದ್ದ. ಅವನು ಕರುಬುತ್ತಿದ್ದ ಹೊತ್ತಿಗೆ ಇವನು ಅವನನ್ನು ನಂಬುತ್ತಿದ್ದ. ಅಂಗಡಿಯಲ್ಲಿ ಒಬ್ಬರೂ ನಂಬದ ಈ ದಿನಗಳಲ್ಲಿ, ಊರಿನ ಇನ್ನೊಂದು ಮೂಲೆಯಲ್ಲಿ ಒಬ್ಬ ಮನುಷ್ಯ ದಿನವೂ ಒಂದು ಗಂಟೆ ಅವನ ಕಸುಬನ್ನು ನಂಬಿ ಕೂತಿದ್ದ, ನಂಬಿ ತನ್ನ ಪಾಲಿಗೆ ಬಂದದ್ದನ್ನು ಕಳೆದುಕೊಂಡಿದ್ದ. ಡ್ರೈವರ್ ಉಸಿರು ಎಳೆದುಕೊಳ್ಳುವ ಸದ್ದು ಈಗ ತೀರ ಹತ್ತಿರದಲ್ಲಿ, ತನ್ನ ಮೇಲೇ ಬೀಳುವ ಹಾಗೆ ಕೇಳಿಸಿತು.

“ಡಾಕ್ಟರಮ್ಮನಿಗೆ ಹೇಳಿಬಿಡೋದೋ ಬೇಡ್ವೋ ಅಂತ ಯೋಚನೆ” ಎಂದ ಡ್ರೈವರ್. “ನೀವೇನಂತೀರಿ?”

ಈಗ ಹೇಳಬಹುದಿತ್ತು. ನಾನೂ ಸರಿಸಿಕೊಂಡೆ ಮಾರಾಯ, ನೀನು ಬಿಟ್ಟುಕೊಟ್ಟ ಜಾಗಕ್ಕೇ ಸರಿಸಿಕೊಂಡೆ ಎನ್ನಬಹುದಿತ್ತು. ಅವನ ಬಾಯಿಯಿಂದ ಬಂದದ್ದು ಬೇರೆ. “ಸುಮ್ನಿರಿ. ಎಲ್ಲಾ ಮುಗೀತಲ್ಲ, ಈಗ್ಯಾಕೆ?” ಎಂದ. ಡ್ರೈವರ್ ತಲೆಯಾಡಿಸಿದ. ಇದನ್ನೂ ನಂಬಿದ ಎಂದು ಅವನಿಗೆ ಅನ್ನಿಸಿತು.

ಒಳಗೆ ಡಾಕ್ಟರಮ್ಮ ಅವನ ಎದೆಯ ಮೇಲೆ ತಣ್ಣನೆಯ ಎಣ್ಣೆಯಂಥದ್ದನ್ನು ಹಚ್ಚಿ, ಯಂತ್ರದ ಪರದೆಯಲ್ಲಿ ಬೂದುಬಣ್ಣದ ಏನೋ ಒಂದು ಮುಚ್ಚಿ ತೆರೆಯುವುದನ್ನು ತುಂಬ ಹೊತ್ತು ನೋಡಿದರು. ಅದೇ ತನ್ನ ಹೃದಯ ಎಂದು ಅವನಿಗೆ ನಂಬಿಕೆ ಬರಲಿಲ್ಲ. ಬಾಯಿಲ್ಲದ ಮೂಕ ಪ್ರಾಣಿಯೊಂದು ಕತ್ತಲಲ್ಲಿ ಕೆಲಸ ಮಾಡುತ್ತಲೇ ಇತ್ತು, ಅದಕ್ಕೆ ಹಾಲೆಯೂ ಗೊತ್ತಿಲ್ಲ, ಕದವೂ ಗೊತ್ತಿಲ್ಲ. “ತುಂಬ ಚೆನ್ನಾಗಿದೆ” ಎಂದರು ಡಾಕ್ಟರಮ್ಮ. “ಆವತ್ತಿಗೂ ಇವತ್ತಿಗೂ ಒಳ್ಳೇ ವ್ಯತ್ಯಾಸ ಇದೆ. ಅಂಗಿ ಹಾಕ್ಕೊಳ್ಳಿ.” ಆಮೇಲೆ ಎಲ್ಲರನ್ನೂ ಕೇಳುವ ಪ್ರಶ್ನೆಗಳು. ಮಾತ್ರೆ ತಪ್ಪಿಸಿದ್ದೀರಾ, ನಡೆಯುತ್ತೀರಾ, ನಿದ್ದೆ ಬರುತ್ತದಾ. “ಕ್ಲಿಪ್ಪಿನ ಜಾಗ ನಡುವೆ ಎಲ್ಲಾದ್ರೂ ಬದಲಾಯಿಸಿದ್ರಾ?”

“ಇಲ್ಲ” ಎಂದ. ಗುಂಡಿ ಹಾಕಿಕೊಳ್ಳುತ್ತಿದ್ದ ಬೆರಳು ಒಂದು ಗುಂಡಿ ತಪ್ಪಿಸಿ ಹಾಕಿತು.

“ಗುಡ್. ನಿಮ್ಮಂಥವರು ಸಿಕ್ಕಿದ್ರೆ ನಮಗೆ ಕೆಲಸ ಸುಲಭ” ಎಂದು ಅವರು ನಕ್ಕರು. ದಣಿದ ಮುಖ, ಕೂದಲು ಹೇಗೋ ಗಂಟು ಹಾಕಿಕೊಂಡಿದ್ದರು. “ಇನ್ನೂ ಸುಮಾರು ಜನ ಮುಗೀಬೇಕು. ಆಮೇಲೆ ಎರಡು ಗುಂಪನ್ನೂ ಎದುರುಬದುರು ಇಟ್ಟು ನೋಡ್ತೀವಿ. ಹೆಸರಿಗೆ ಹಾಕಿಸ್ಕೊಂಡೋರಿಗೂ ಇಷ್ಟೇ ಗುಣವಾಗಿದ್ರೆ ಈ ಡಬ್ಬಿಯಿಂದ ಪ್ರಯೋಜನ ಇಲ್ಲ ಅಂತ ಅರ್ಥ. ಕಟ್ಟಿ ಅಟ್ಟಕ್ಕೆ ಹಾಕೋದು, ಅಷ್ಟೆ.”

ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದ. ಡ್ರೈವರ್ ಎದ್ದು ಒಳಗೆ ಹೋದ. ಬೆಂಚಿನ ಮೇಲೆ ಕೂತ ಮೇಲೆಯೇ ಡಾಕ್ಟರಮ್ಮನ ಮಾತು ಅವನ ತಲೆಗೆ ಇಳಿಯತೊಡಗಿತು. ಅವರ ಪುಸ್ತಕದಲ್ಲಿ ಅವನು ಹೆಸರಿಗೆ ಹಾಕಿಸಿಕೊಂಡವನು, ಗುಣವಾದವನು. ಡ್ರೈವರ್ ಅಸಲಿ ಹಾಕಿಸಿಕೊಂಡವನು, ಗುಣವಾಗದವನು. ಅವರಿಬ್ಬರೂ ಸೇರಿ, ಒಬ್ಬರನ್ನೊಬ್ಬರು ನೋಡಿ, ಆ ಡಬ್ಬಿಯ ಮೇಲೆ ಸುಳ್ಳು ಸಾಕ್ಷಿ ಹೇಳಿದ್ದರು. ಯಾರ ಗಂಟು ಹೋಗುತ್ತದೆ ಎಂದು ಸ್ಟೂಲಿನ ಮೇಲೆ ಕೇಳಿಕೊಂಡಿದ್ದನಲ್ಲ, ಯಾರದು ಎಂದರೆ ಇನ್ನೂ ಎದೆನೋವು ಬರದವರದು. ಈ ಹೊತ್ತಿನಲ್ಲಿ ಎಲ್ಲೋ ಗಡ್ಡ ಮಾಡಿಸಿಕೊಳ್ಳುತ್ತಲೋ, ಮಾಡುತ್ತಲೋ ಇರುವ ಯಾರದೋ. ಛೆ, ಇಷ್ಟು ದೊಡ್ಡ ಮಾತು ನನಗ್ಯಾಕೆ, ಇಬ್ಬರಿಂದ ಏನಾಗುತ್ತದೆ ಎಂದುಕೊಂಡ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗಿನಿಂದ ಡ್ರೈವರಿನ ದನಿ ಬಂತು.

“ಸುಳ್ಳು ಹೇಳೋಕೆ ದಮ್ಮು ಬೇಕು ಡಾಕ್ಟ್ರೇ, ನನ್ನ ಹತ್ರ ಇಲ್ಲ. ನಾನು ಜಾಗ ಬದಲಾಯಿಸಿದೆ. ಕೆಳಗೆ ಹಾಕ್ಕೊಂಡೆ. ಮೊದಲನೇ ದಿನದಿಂದಾನೇ.”

“ಯಾಕೆ?” ದನಿಯಲ್ಲಿ ಕೋಪಕ್ಕಿಂತ ಸುಸ್ತೇ ಹೆಚ್ಚಿತ್ತು. “ಯಾರು ಹೇಳಿದ್ರು ನಿಮಗೆ?”

“ಯಾರೂ ಹೇಳಲಿಲ್ಲ. ಒಬ್ಬರ ಕಿವಿ ನೋಡಿದೆ.”

“ಯಾರ ಕಿವಿ?”

“ಯಾರೋ. ಮುಖ ನೆನಪಿಲ್ಲ” ಎಂದ ಡ್ರೈವರ್.

ಅವನು ಎದ್ದ. ಯಾಕೆ ಎದ್ದನೆಂದು ಅವನಿಗೇ ಗೊತ್ತಾಗಲಿಲ್ಲ, ಧೈರ್ಯದಿಂದಂತೂ ಅಲ್ಲ. ಮುಖ ನೆನಪಿಲ್ಲ ಎಂಬ ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋಗಿ, ತಪ್ಪು ಮಾಡಿದ ಹುಡುಗನ ಹಾಗೆ ಗೋಡೆಗೆ ಒತ್ತಿ ನಿಂತು, “ನನ್ನ ಕಿವಿ ಡಾಕ್ಟ್ರೇ. ನಾನೂ ಬದಲಾಯಿಸಿದೀನಿ. ಮೇಲಕ್ಕೆ. ಆಗ ಇಲ್ಲ ಅಂದಿದ್ದು ಸುಳ್ಳು” ಎಂದ. ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿ ಇಬ್ಬರನ್ನೂ ನೋಡಿದರು. ಡ್ರೈವರ್ ಅವನನ್ನು ನೋಡಿದ. ಆ ನೋಟದಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ಡ್ರೈವರಿನ ಕೈ ನಿಧಾನವಾಗಿ ಎದ್ದು ತನ್ನ ಕಿವಿಯನ್ನು ಮುಟ್ಟಿ ನೋಡಿಕೊಂಡಿತು.

“ಮೇಲೆ ಹಾಕಿದ್ರೆ ಕೆಲಸ ಮಾಡುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಅವನು ಗಿರಾಕಿಗಳು ತೂಕಡಿಸುವ ವಿಷಯ ಹೇಳಿದ. ಹೇಳುತ್ತಿದ್ದಂತೆ ಅದು ಅವನಿಗೇ ಪೆದ್ದುಪೆದ್ದಾಗಿ ಕೇಳಿಸಿತು. “ನಮ್ಮಜ್ಜಿ ತಲೆ ಬಾಚುವಾಗ ನನಗೂ ನಿದ್ದೆ ಬರ್ತಿತ್ತು” ಎಂದರು ಡಾಕ್ಟರಮ್ಮ. “ಬಾಚಣಿಗೆಯಿಂದ ಹಾರ್ಟು ವಾಸಿಯಾಗುತ್ತೆ ಅಂತ ನಾನು ಬರೆಯೋಕಾಗುತ್ತಾ? ನಿಮಗೆ ಗುಣ ಆಗಿದ್ದು ಡಬ್ಬಿಯಿಂದಾನೋ, ಮಾತ್ರೆಯಿಂದಾನೋ, ನಿಮ್ಮ ಮನೆಯವರು ಉಪ್ಪು ಕಮ್ಮಿ ಮಾಡಿದ್ದರಿಂದಾನೋ, ನನಗೆ ಗೊತ್ತಿಲ್ಲ. ಗೊತ್ತಾಗಲಿ ಅಂತಲೇ ಇಷ್ಟೆಲ್ಲ ಮಾಡ್ತಿದ್ದಿದ್ದು.” ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿ ಇತ್ತು.

“ಹಾಗಾದ್ರೆ ನನ್ನ ದಮ್ಮು?” ಎಂದ ಡ್ರೈವರ್. “ಜಾಗ ಬದಲಾಯಿಸಿದ್ದಕ್ಕೇನಾ?”

“ಅದೂ ಗೊತ್ತಿಲ್ಲ. ನಿಮ್ಮ ಹಾರ್ಟಿಗೆ ಬಿದ್ದ ಪೆಟ್ಟು ಇವರದಕ್ಕಿಂತ ದೊಡ್ಡದು. ಸಿಗರೇಟು ಬಿಟ್ಟೆ ಅಂತೀರಿ, ನಿಮ್ಮ ಅಂಗಿಯ ವಾಸನೆ ಬೇರೆ ಹೇಳ್ತಿದೆ. ಹೊಸ ಮಾತ್ರೆ ಬರ್ಕೊಡ್ತೀನಿ. ಇಬ್ಬರೂ ಆವತ್ತಿನಿಂದ ಏನೇನು ಮಾಡಿದ್ರೋ ಎಲ್ಲಾ ಬರ್ಕೊತೀನಿ, ನಿಮ್ಮಿಬ್ಬರ ಪರೀಕ್ಷೆ ಮಾತ್ರ ಇನ್ನು ನಮಗೆ ಆಧಾರ ಆಗಲ್ಲ.” ಬಾಗಿಲವರೆಗೆ ಹೋದವನನ್ನು ಅವರೇ ಮತ್ತೆ ಕರೆದರು. “ಬಂದು ಹೇಳಿದ್ರಲ್ಲ, ಅದು ಒಳ್ಳೇದಾಯ್ತು.” ಆ ಮಾತು ಅವನನ್ನು ಎಲ್ಲೂ ತಟ್ಟಲಿಲ್ಲ. ಗೊತ್ತಿಲ್ಲ ಎಂದರಲ್ಲ, ಅದೇ ಒಳಗೆ ಕೂತುಬಿಟ್ಟಿತ್ತು. ಡ್ರೈವರಿನ ದಮ್ಮು ನಿನ್ನಿಂದಲೇ ಆಯಿತು ಎಂದಿದ್ದರೆ ಅಳಬಹುದಿತ್ತು. ನಿನ್ನಿಂದಲ್ಲ ಎಂದಿದ್ದರೆ ಮನೆಗೆ ಹೋಗಿ ಉಣ್ಣಬಹುದಿತ್ತು. ಇನ್ನು ಇವನು ಬದುಕಿರುವವರೆಗೂ, ಅಥವಾ ನಾನು ಬದುಕಿರುವವರೆಗೂ, ಇವನ ಒಂದೊಂದು ಏದುಸಿರೂ ನನ್ನಿಂದಲೇ ಇರಬಹುದು, ಇಲ್ಲದಿರಬಹುದು.

ಮೆಟ್ಟಿಲಿಳಿಯುವಾಗ ಡ್ರೈವರ್ ಮುಂದೆ, ಅವನು ಹಿಂದೆ. ತಿರುವಿನಲ್ಲಿ ಡ್ರೈವರ್ ಕಂಬಿ ಹಿಡಿದು ನಿಂತ. ಅವನೂ ಒಂದು ಮೆಟ್ಟಿಲು ಮೇಲೆ ನಿಂತ. ದಾಟಿ ಹೋಗಿಬಿಡಬೇಕೆನ್ನಿಸಿತು, ಹೋಗಲಾಗಲಿಲ್ಲ.

“ಅಂತೂ ನನ್ನ ಸೀಟಲ್ಲಿ ನೀವು ಕೂತ್ರಿ, ನಿಮ್ಮ ಸೀಟಲ್ಲಿ ನಾನು” ಎಂದ ಡ್ರೈವರ್, ತಿರುಗದೆಯೇ. “ಕಂಡಕ್ಟರಿಗೂ ಹೇಳದೆ.”

“ನಾನು ಆಗಲೇ ಬೆಂಚಿನ ಮೇಲೆ ಹೇಳಬೇಕಿತ್ತು. ನೀವು ಕೇಳಿದಾಗ.”

“ಹೇಳಬೇಕಿತ್ತು” ಎಂದ ಡ್ರೈವರ್. ಸಮಾಧಾನ ಹೇಳಲಿಲ್ಲ, ಬಿಟ್ಟಾಕಿ ಎನ್ನಲಿಲ್ಲ. ಉಸಿರು ಹತೋಟಿಗೆ ಬಂದ ಮೇಲೆ ಕೆನ್ನೆ ಕೆರೆದುಕೊಂಡು, “ನಿಮ್ಮ ಅಂಗಡಿ ದೂರವಾ?” ಎಂದು ಕೇಳಿದ.

ಅಂಗಡಿಗೆ ಬಂದಾಗ ದೀಪ ಹಾಕಿದ್ದರು. ಬೆಂಚು ಪೂರ್ತಿ ತುಂಬಿತ್ತು. ತಮ್ಮ ಕತ್ತರಿ ಹಿಡಿದುಕೊಂಡೇ ತಿರುಗಿ, “ಏನಂದ್ರು ಅಣ್ಣ?” ಎಂದ. “ಚೆನ್ನಾಗಿದೆ ಅಂದ್ರು” ಎಂದ ಅವನು. ತಮ್ಮನ ಮುಖ ಅರಳಿತು. ಡ್ರೈವರ್ ಬಾಗಿಲಲ್ಲೇ ನಿಂತು ಒಳಗೆಲ್ಲ ಕಣ್ಣಾಡಿಸಿದ, ಸೀಟು ಹುಡುಕುವ ಪ್ರಯಾಣಿಕನ ಹಾಗೆ. “ಸಾರ್, ಹತ್ತು ನಿಮಿಷ ಕೂತ್ಕೊಳ್ಳಿ, ಇವರದಾದ ಮೇಲೆ ಇನ್ನು ಮೂರೇ ಜನ, ನಾನೇ ಮಾಡ್ತೀನಿ” ಎಂದ ತಮ್ಮ.

“ಇದು ಯಾರದು?” ಡ್ರೈವರ್ ಖಾಲಿ ಕುರ್ಚಿಯನ್ನು ತೋರಿಸಿದ.

“ನನ್ನದು” ಎಂದ ಅವನು.

“ಖಾಲಿ ಇದೆಯಲ್ಲ.”

ಬೆಂಚಿನವರು ಪೇಪರಿನಿಂದ ತಲೆಯೆತ್ತಲಿಲ್ಲ. ಅವನು ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದ. “ಖಾಲೀನೇ ಇರುತ್ತೆ. ಹಾರ್ಟ್ ಅಟ್ಯಾಕ್ ಆದಾಗ ನನ್ನ ಕೈಯಲ್ಲಿ ಕತ್ತಿ ಇತ್ತು. ಇದೇ ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರಿಗೆ ಇಲ್ಲಿ ಕೊಯ್ದೆ.” ತನ್ನ ದವಡೆಯ ಕೆಳಗೆ ಬೆರಳಿಟ್ಟು ತೋರಿಸಿದ. ಇದನ್ನು ಅವನು ಈವರೆಗೆ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಬೀದಿಗೆಲ್ಲ ಗೊತ್ತಿದ್ದ ವಿಷಯವೇ ಆದರೂ ಅವನ ಬಾಯಿಂದ ಬಂದಾಗ ತಮ್ಮನ ಕತ್ತರಿ ನಿಂತಿತು.

ಡ್ರೈವರ್ ಸ್ವಲ್ಪ ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಅದು ಕಂಡಿತು. ಆಮೇಲೆ, “ನನಗೆ ನಿಂತ್ಕೊಂಡು ಕಾಯೋ ತ್ರಾಣ ಇಲ್ಲ” ಎಂದು ಬಂದು ಕೂತ. ಕುರ್ಚಿ ಕಿರ್ರೆಂದಿತು. ಇಷ್ಟು ದಿನದ ಮೇಲೆ ಅದರ ಮೇಲೊಂದು ಭಾರ.

ಅವನು ಬಿಳಿ ಬಟ್ಟೆ ಹೊದಿಸಿ ಕತ್ತಿನ ಹಿಂದೆ ಗಂಟು ಹಾಕಿದ. ಬಿಸಿನೀರು ತಂದ, ಬ್ರಷ್ಷು ತಿರುಗಿಸಿ ನೊರೆ ಎಬ್ಬಿಸಿದ. ಕತ್ತಿಯನ್ನು ತೊಗಲಪಟ್ಟಿಯ ಮೇಲೆ ಎಳೆದ, ಬೇಕಾದದ್ದಕ್ಕಿಂತ ಹೆಚ್ಚು ಸಲ ಎಳೆದ. ಕೈ ನಡುಗುತ್ತಿರಲಿಲ್ಲ. ನಡುಗದೇ ಇರುವುದು ಹೇಗೆ ಎಂದು ಹೆದರಿಕೆಯಾಯಿತು. ಕನ್ನಡಿಯಲ್ಲಿ ತನ್ನ ಮುಖ ಕಂಡಿತು, ಕಲ್ಲಿನ ಹಾಗೆ ನಿರಾಳವಾಗಿತ್ತು. ಇದೇ ಮುಖವನ್ನು ಈ ಮನುಷ್ಯ ಅವತ್ತು ನೋಡಿದ್ದು. “ನನಗೆ ಹೆದರಿಕೆಯಾಗ್ತಿದೆ” ಎಂದ ಅವನು, ಡ್ರೈವರಿಗೆ ಮಾತ್ರ ಕೇಳುವ ಹಾಗೆ. ಮುಖ ನೋಡಿ ಇವನು ಮತ್ತೆ ಮೋಸಹೋಗಬಾರದಲ್ಲ.

“ನನಗೂ” ಎಂದು ಡ್ರೈವರ್ ಕಣ್ಣು ಮುಚ್ಚಿದ.

ಕೆನ್ನೆಗೆ ನೊರೆ ಹಚ್ಚುತ್ತ ಕಿವಿಯ ಹತ್ತಿರ ಬಂದಾಗ ಅವನ ಎಡಗೈ ಹೆಬ್ಬೆರಳು ರೂಢಿಯಂತೆ ಹೋಗಿ ಕದವನ್ನು ಒತ್ತಿ ಮುಚ್ಚಿತು. ಚರ್ಮ ಬೆಚ್ಚಗಿತ್ತು. ಬೆರಳಿನ ಕೆಳಗೆ ಏನೋ ಮಿಡಿಯುತ್ತಿತ್ತು, ಅದು ಡ್ರೈವರಿನದೋ ತನ್ನದೋ ತಿಳಿಯಲಿಲ್ಲ. ಬ್ರಷ್ಷು ಇಟ್ಟು ಬಲಗೈಗೆ ಕತ್ತಿ ತೆಗೆದುಕೊಂಡ.

“ಇದೇ ಜಾಗಾನಾ?” ಎಂದ ಡ್ರೈವರ್, ಕಣ್ಣು ತೆರೆಯದೆ.

“ಹೌದು. ಇದೇ.”

“ಹಾಗಾದ್ರೆ ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡಿರಿ.”

ಅವನು ಕತ್ತಿಯನ್ನು ಮಡಿಸಿ ಕನ್ನಡಿಯ ಮುಂದಿಟ್ಟ. ಹೆಬ್ಬೆರಳನ್ನು ತೆಗೆಯಲಿಲ್ಲ. ಡ್ರೈವರಿನ ಎದೆ ಬಿಳಿ ಬಟ್ಟೆಯ ಕೆಳಗೆ ಏರುತ್ತಿತ್ತು, ಇಳಿಯುತ್ತಿತ್ತು. ಕೆನ್ನೆಯ ಮೇಲಿನ ನೊರೆ ಒಣಗತೊಡಗಿತು. ಇನ್ನೊಮ್ಮೆ ಹಚ್ಚಬೇಕಾಗುತ್ತದೆ ಎಂದುಕೊಂಡು ಅವನು ಹಾಗೆಯೇ ನಿಂತಿದ್ದ.